ಗುಡ್ಡದ ಬದಿಯ ಹೊಲ, ಕಾಡುಹಂದಿಯ ಜಾಡು: ಗೊತ್ತಿಲ್ಲದ ನೆಲದಲ್ಲಿ ಬೆಳೆ ಕಾಯುವವರಿಗೆ ಸಮಗ್ರ ಮಾರ್ಗದರ್ಶಿ

ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆ, ಮೇಲುಕೋಟೆ ಗುಡ್ಡಗಳ ಬುಡದಲ್ಲಿ, ಹೆಗ್ಗಡದೇವನಕೋಟೆ, ಸರಗೂರು, ಹುಣಸೂರಿನ ಕಾಡಂಚಿನಲ್ಲಿ ಹೊಸದಾಗಿ ಹೊಲ ಮಾಡಿದವರು ಈಗ ಬಹಳ ಮಂದಿ ಇದ್ದಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಹಿಂದೆ ಬೇಸಾಯವನ್ನೇ ಮಾಡದವರೂ ಜಮೀನು ಕೊಂಡಿದ್ದಾರೆ. ಮುಸುಕಿನ ಜೋಳ ತೆನೆ ಕಟ್ಟುತ್ತಿದ್ದಂತೆ ಹಂದಿ ಇಳಿಯುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಮೂಲೆಯ ಬೆಳೆಯಷ್ಟೂ ನೆಲ ಕಚ್ಚಿರುತ್ತದೆ. ಅದೇ ದಿನ ಸಂಜೆ ಯಾರಾದರೊಬ್ಬರು ಬಂದು, ನಾಲ್ಕು ಜನ ಸೇರಿ ರಾತ್ರಿ ಬೇಟೆಗೆ ಹೋಗೋಣ ಎನ್ನುತ್ತಾರೆ. ಇನ್ನೊಬ್ಬರು ಬೇಲಿಗೆ ಕರೆಂಟ್ ಕೊಡಿ ಎನ್ನುತ್ತಾರೆ.

ಎರಡಕ್ಕೂ ಒಪ್ಪಬೇಡಿ. ಬೇಟೆಗಾರನಿಗೆ ಬೇಕಾದ ತಿಳಿವಳಿಕೆಯೆಲ್ಲ ಬೆಳೆ ಕಾಯುವವನಿಗೂ ಬೇಕು: ಹಂದಿ ಎಲ್ಲಿ ಮಲಗುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಗಾಳಿ ಎತ್ತ ಬೀಸುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ. ಆ ತಿಳಿವಳಿಕೆಯನ್ನು ಬಳಸುವ ರೀತಿ ಮಾತ್ರ ಬೇರೆ. ಬೇಟೆಗಾರ ತನ್ನ ವಾಸನೆಯನ್ನೂ ಸದ್ದನ್ನೂ ಅಡಗಿಸುತ್ತಾನೆ, ಕಾವಲುಗಾರ ಅವೆರಡನ್ನೂ ಹಂದಿಗೆ ಮುಂಚಿತವಾಗಿಯೇ ಮುಟ್ಟಿಸಬೇಕು.

ಹೆಜ್ಜೆ 1: ಕಾನೂನು ತಿಳಿದುಕೊಳ್ಳಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಂದಿ ಮೊದಲು ಮೂರನೇ ಅನುಸೂಚಿಯಲ್ಲಿ, ಅಂದರೆ ಕಾಯ್ದೆಯ ಮೂರನೇ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಅದು ಎರಡನೇ ಅನುಸೂಚಿಯಲ್ಲಿದೆ. 9ನೇ ಸೆಕ್ಷನ್ ಪ್ರಕಾರ ಅದನ್ನು ಬೇಟೆಯಾಡುವಂತಿಲ್ಲ. ಗುಂಡು ಹಾರಿಸಿ ಕೊಂದರೆ ಮಾತ್ರ ಬೇಟೆ ಎಂದು ತಿಳಿಯಬೇಡಿ. ಉರುಳು ಹಾಕುವುದು, ಬೋನಿಡುವುದು, ಆಮಿಷ ಇಡುವುದು, ನಾಯಿ ಬಿಟ್ಟು ಅಟ್ಟಿಸಿಕೊಂಡು ಹೋಗುವುದು, ಇವುಗಳಿಗೆ ಪ್ರಯತ್ನಿಸುವುದು, ಎಲ್ಲವೂ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು.

ಕಾನೂನು ರೈತನ ಕೈಯನ್ನು ಪೂರ್ತಿ ಕಟ್ಟಿಲ್ಲ. 11ನೇ ಸೆಕ್ಷನ್ ಪ್ರಕಾರ, ಎರಡನೇ ಅನುಸೂಚಿಯ ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನದಟ್ಟಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಹೊಲದಲ್ಲಿ ನಿಂತಿರುವ ಬೆಳೆಯೂ ಇಲ್ಲಿ ಆಸ್ತಿಯೇ. ನಷ್ಟ ಮಿತಿ ಮೀರಿದ್ದರೆ ದಾಖಲೆಗಳೊಂದಿಗೆ ವಲಯ ಅರಣ್ಯಾಧಿಕಾರಿಗೆ ಬರೆದುಕೊಳ್ಳಿ. ಆದೇಶ ಕೈಗೆ ಬರುವ ತನಕ ಬಾಯಿಮಾತಿನ ಅನುಮತಿಯನ್ನು ನಂಬಬೇಡಿ. ಅನುಮತಿ ಸಿಕ್ಕಿ ಕೊಂದರೂ ಆ ಪ್ರಾಣಿ ಸರ್ಕಾರದ ಸೊತ್ತು. ಮಾಂಸ ಹಂಚಿಕೊಳ್ಳುವ ಮಾತೇ ಇಲ್ಲ.

ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಪಡೆದವರು ಕಾಡಂಚಿನ ಊರುಗಳಲ್ಲಿದ್ದಾರೆ. ಆ ಪರವಾನಗಿ ಕೋವಿ ಇಟ್ಟುಕೊಳ್ಳುವುದಕ್ಕೆ. ಪ್ರಾಣಿ ಕೊಲ್ಲುವುದಕ್ಕೆ ಬೇರೆಯೇ ಅನುಮತಿ ಬೇಕು. ವಯನಾಡಿನ ಕಡೆ ನೆಂಟರಿರುವವರು, ಅಲ್ಲಿ ಪಂಚಾಯಿತಿ ಅಧ್ಯಕ್ಷರೇ ಅನುಮತಿ ಕೊಡುತ್ತಾರೆ ಎಂದು ಹೇಳುವುದುಂಟು. ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಗೌರವ ವನ್ಯಜೀವಿ ಪರಿಪಾಲಕರ ಅಧಿಕಾರ ಕೊಟ್ಟದ್ದು ನಿಜ. ಅದು ಆ ರಾಜ್ಯದ ಆದೇಶ, ಗಡಿಯ ಬಾವಲಿ ಊರು ದಾಟಿ ಈಚೆ ಬಂದರೆ ನಡೆಯುವುದಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಹಂದಿ ಬೇಟೆಯ ಪ್ರವಾಸಗಳೇ ನಡೆಯುವುದನ್ನು ಮೊಬೈಲಿನಲ್ಲಿ ನೋಡಿದವರಿಗೂ ಒಂದು ಮಾತು. ಅಲ್ಲಿನ ಹಂದಿ ಯುರೋಪಿನವರು ತಂದುಬಿಟ್ಟ ಸಂತತಿ, ಅಲ್ಲಿನ ಕಾಡಿಗೆ ಹೊರಗಿನದು. ನಮ್ಮದು ಇಲ್ಲಿಯ ಮೂಲದ ಪ್ರಾಣಿ. ನಾಗರಹೊಳೆಯ ಹುಲಿ, ಚಿರತೆಗಳಿಗೆ ಆಹಾರ.

ಹೆಜ್ಜೆ 2: ಹಗಲಿನಲ್ಲಿ ನೆಲ ನೋಡಿ

ಅತಿ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ಬೇಲಿಗೆ ಹಣ ಸುರಿಯುವ ಮೊದಲು ಹೊಲವನ್ನೂ ಅದರ ಸುತ್ತಲಿನ ಹಳ್ಳ, ಬದು, ಬಂಡೆ, ಪೊದೆಗಳನ್ನೂ ಹಗಲಿನಲ್ಲಿ ನಡೆದು ನೋಡಬೇಕು. ಒಬ್ಬರೇ ಹೋಗಬೇಡಿ. ಊರಿನಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರನ್ನು, ಅಥವಾ ಬಹಳ ಕಾಲದಿಂದ ಪಕ್ಕದ ಹೊಲ ಮಾಡುತ್ತಿರುವವರನ್ನು ಜೊತೆಗೆ ಕರೆಯಿರಿ. ಕೋಟೆ (ಹೆಗ್ಗಡದೇವನಕೋಟೆ) ಕಡೆಯಾದರೆ ಜೇನುಕುರುಬ, ಬೆಟ್ಟಕುರುಬ ಬುಡಕಟ್ಟುಗಳ ಹಾಡಿಗಳ ಹಿರಿಯರಷ್ಟು ಚೆನ್ನಾಗಿ ಆ ನೆಲ ಬಲ್ಲವರು ಬೇರೆ ಸಿಗುವುದಿಲ್ಲ. ಅವರ ದಿನದ ಕೂಲಿಯನ್ನು ಕೊಟ್ಟೇ ಕರೆಯಿರಿ. ತಿಳಿವಳಿಕೆ ಪುಕ್ಕಟೆ ಸಿಗಬೇಕೆಂದು ಬಯಸುವುದು ಸರಿಯಲ್ಲ.

ಮೀಸಲು ಅರಣ್ಯದ ಗಡಿಕಲ್ಲು ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಗಡಿ ದಾಟಿ ಒಳಗೆ ಹೋಗಬೇಡಿ. ಜಾಡು ಹುಡುಕುತ್ತಿದ್ದೆ ಎಂದರೆ ಅರಣ್ಯ ಸಿಬ್ಬಂದಿ ಒಪ್ಪಬೇಕಾಗಿಲ್ಲ.

ಏನು ನೋಡಬೇಕು? ಒದ್ದೆ ಮಣ್ಣಿನಲ್ಲಿ ಹಂದಿಯ ಹೆಜ್ಜೆಯಲ್ಲಿ ಮುಂದಿನ ಎರಡು ಗೊರಸುಗಳ ಗುರುತಿನ ಹಿಂದೆ, ಇಕ್ಕೆಲಗಳಲ್ಲಿ ಎರಡು ಚಿಕ್ಕ ಗುರುತುಗಳೂ ಮೂಡಿರುತ್ತವೆ. ಜಿಂಕೆಯ ಹೆಜ್ಜೆ ಸಪೂರ, ಮುಂದಕ್ಕೆ ಚೂಪು. ಹಿಂದಿನ ಗುರುತು ಸಾಮಾನ್ಯವಾಗಿ ಕಾಣುವುದಿಲ್ಲ. ಹಂದಿ ಮುಸುಡಿಯಿಂದ ಬಗೆದ ನೆಲ ಉತ್ತಂತೆಯೇ ಇರುತ್ತದೆ. ಹೆಂಟೆಯ ಅಂಚು ಇನ್ನೂ ಹಸಿಯಾಗಿದ್ದರೆ ಬಂದದ್ದು ನಿನ್ನೆ ರಾತ್ರಿ, ಒಣಗಿ ಉದುರುತ್ತಿದ್ದರೆ ಹಳೆಯದು. ಹಳ್ಳದ ತಿರುವಿನಲ್ಲಿ ನೀರು ನಿಲ್ಲುವ ಕೆಸರು ಗುಂಡಿಗಳಲ್ಲಿ ಹೊರಳಿದ ಗುರುತಿರುತ್ತದೆ. ಹತ್ತಿರದ ಮರದ ಬುಡದಲ್ಲಿ ಮೈ ಉಜ್ಜಿದ ಕೆಸರು ಮೆತ್ತಿರುತ್ತದೆ. ಆ ಕೆಸರು ಎಷ್ಟು ಎತ್ತರಕ್ಕಿದೆ ಎಂಬುದರಿಂದ ಪ್ರಾಣಿ ಎಷ್ಟು ದೊಡ್ಡದು ಎಂದು ಅಂದಾಜು ಮಾಡಬಹುದು.

ಎಲ್ಲ ಹಾನಿಯನ್ನೂ ಹಂದಿಯ ತಲೆಗೆ ಕಟ್ಟಬೇಡಿ. ಹಂದಿ ಜೋಳದ ದಂಟನ್ನು ಮೈಯಿಂದ ನೂಕಿ ಕೆಡವಿ, ನೆಲದ ಮೇಲೆ ತೆನೆಯನ್ನು ಅಗಿಯುತ್ತದೆ. ಮುಳ್ಳುಹಂದಿ ಬುಡದಲ್ಲಿ ಹಲ್ಲಿನಿಂದ ಕಡಿದಿರುತ್ತದೆ. ಕೋತಿ ತೆನೆ ಕಿತ್ತು, ಸುಲಿದು, ಅರ್ಧ ತಿಂದು ಎಸೆಯುತ್ತದೆ. ಆನೆ ಬಂದಿದ್ದರೆ ಹೆಜ್ಜೆಯೇ ಹೇಳುತ್ತದೆ. ಮುಳ್ಳುಹಂದಿ ತಡೆಯುವ ಬೇಲಿಯೇ ಬೇರೆ, ಹಂದಿಯದೇ ಬೇರೆ. ಪರಿಹಾರದ ಅರ್ಜಿಯಲ್ಲೂ ಯಾವ ಪ್ರಾಣಿ ಎಂದು ಸರಿಯಾಗಿ ಬರೆಯಬೇಕಾಗುತ್ತದೆ.

ದಾರಿ ಖಚಿತಪಡಿಸಿಕೊಳ್ಳಲು ಒಂದು ಸುಲಭ ಉಪಾಯವಿದೆ. ಅನುಮಾನವಿರುವ ಕಡೆಗಳಲ್ಲೆಲ್ಲ ಸಂಜೆ ಎರಡು ಮಾರು ಉದ್ದ ನೆಲ ಗುಡಿಸಿ, ತೆಳುವಾಗಿ ಮರಳು ಹರಡಿ. ಬೆಳಿಗ್ಗೆ ಹೆಜ್ಜೆ ನೋಡಿ. ಹಂದಿಗಳು ಒಂದೇ ದಾರಿಗೆ ಅಂಟಿಕೊಳ್ಳುವ ಪ್ರಾಣಿಗಳು. ಒಂದು ವಾರ ಹೀಗೆ ನೋಡಿದರೆ ಹೊಲಕ್ಕೆ ಬರುವ ಬಾಗಿಲುಗಳು ಎರಡೋ ಮೂರೋ ಎಂದು ತಿಳಿಯುತ್ತದೆ. ಗುಡ್ಡದ ನೆಲದಲ್ಲಿ ಅವು ಹೆಚ್ಚಾಗಿ ಕೊರಕಲುಗಳಲ್ಲಿ, ಲಂಟಾನ ಪೊದೆ ಹೊಲಕ್ಕೆ ತಾಗುವಲ್ಲಿ, ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಇರುತ್ತವೆ.

ಇವನ್ನೆಲ್ಲ ಒಂದು ಪುಸ್ತಕದಲ್ಲಿ ನಕ್ಷೆಯಾಗಿ ಬರೆದಿಡಿ: ಗಡಿ, ಹಳ್ಳ, ಪೊದೆ, ಹೊರಳುಗುಂಡಿ, ಜಾಡು, ನೀವು ಓಡಿಬರಬೇಕಾದ ದಾರಿ, ಗಾಡಿ ನಿಲ್ಲುವ ಜಾಗ, ಮೊಬೈಲ್ ಸಿಗ್ನಲ್ ಸಿಗುವ ಜಾಗ. ಕೊನೆಯ ಎರಡನ್ನು ಬಹಳ ಜನ ಮರೆಯುತ್ತಾರೆ. ರಾತ್ರಿ ಯಾರಿಗಾದರೂ ಗಾಯವಾದರೆ ಮೊದಲು ಬೇಕಾಗುವುದು ಅವೇ.

ಹೆಜ್ಜೆ 3: ಬೆಳೆಯ ಹಂಚಿಕೆ

ಹಂದಿಗೆ ಬಲು ಇಷ್ಟವಾದವು ಜೋಳ, ಕಡಲೆಕಾಯಿ, ಗೆಣಸು, ಮರಗೆಣಸು, ಕಬ್ಬು, ಹಾಲುಗಾಳಿನ ಭತ್ತ ಮತ್ತು ರಾಗಿ. ಇವನ್ನು ಪೊದೆಯ ಅಂಚಿಗೆ ಇಡಬೇಡಿ, ಮನೆಯ ಅಥವಾ ರಸ್ತೆಯ ಕಡೆಗಿಡಿ. ಕಾಡಿನ ಕಡೆಯ ಪಟ್ಟಿಗೆ ಹರಳು, ಮೆಣಸಿನಕಾಯಿಯಂತಹ ಬೆಳೆ ಹಾಕಬಹುದು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು, ಅಂದರೆ ನಡುನಡುವೆ ಬೇರೆ ಬೆಳೆಯ ಸಾಲು ಬಿಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಸುತ್ತಲೂ ನಾಲ್ಕು ಸಾಲು ಹರಳನ್ನು ದಟ್ಟವಾಗಿ ಹಾಕಿದರೆ ಅದರ ವಾಸನೆ ಒಳಗಿನ ಬೆಳೆಯ ವಾಸನೆಯನ್ನು ಸ್ವಲ್ಪ ಮರೆಸುತ್ತದೆ. ಹರಳಿನ ಬೀಜ ವಿಷ. ಮಕ್ಕಳು, ದನಕರು ಓಡಾಡುವ ಕಡೆ ಎಚ್ಚರವಿರಲಿ.

ನಿಮ್ಮ ಗಡಿಯೊಳಗೆ, ಪೊದೆಗೂ ಬೆಳೆಗೂ ನಡುವೆ ಹತ್ತು ಹನ್ನೆರಡು ಅಡಿ ನೆಲವನ್ನು ಬೋಳಾಗಿಡಿ. ಹಂದಿ ಮರೆಯಿಂದ ಮರೆಗೆ ಸಾಗುವ ಪ್ರಾಣಿ, ಬಯಲು ದಾಟಲು ಅನುಮಾನಿಸುತ್ತದೆ. ದಾಟಿದರೂ ಕಾವಲಿನವರ ಕಣ್ಣಿಗೆ ಬೀಳುತ್ತದೆ.

ಮಂಡ್ಯ ಕಡೆಯವರು ಕಬ್ಬಿನ ಬಗ್ಗೆ ವಿಶೇಷವಾಗಿ ಯೋಚಿಸಬೇಕು. ಹಳ್ಳದ ದಂಡೆಗೆ ಒತ್ತಿ ಬೆಳೆದ ಕಬ್ಬು ಹಂದಿಗೆ ಊಟವೂ ಹೌದು, ಮನೆಯೂ ಹೌದು. ಹಂದಿಯ ಹಿಂದೆ ಚಿರತೆಯೂ ಬರುತ್ತದೆ, ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತದೆ. 2022ರ ಕೊನೆಯಿಂದ 2023ರ ಆರಂಭದವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದದ್ದನ್ನು ಈ ಭಾಗದವರು ಮರೆತಿಲ್ಲ. ಕಟಾವನ್ನು ಒಂದೇ ಕಡೆಯಿಂದ ಮಾಡುತ್ತಾ ಹೋಗಿ, ಒಳಗಿರುವ ಪ್ರಾಣಿಗೆ ಇನ್ನೊಂದು ಕಡೆ ದಾರಿ ಬಿಡಿ. ನಾಲ್ಕೂ ಕಡೆಯಿಂದ ಮುತ್ತಿಗೆ ಹಾಕಬೇಡಿ. ಮರಿ ಕಂಡರೆ ಮುಟ್ಟದೆ ಹಿಂದೆ ಸರಿದು, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಹೆಜ್ಜೆ 4: ಬೇಲಿ

ಹಳೆ ಸೀರೆ, ಕ್ಷೌರದಂಗಡಿಯ ಕೂದಲು, ಬೆರಣಿ ಜೊತೆ ಮೆಣಸಿನಕಾಯಿ ಸುಡುವ ಘಾಟು, ಇವೆಲ್ಲ ಕೆಲವು ದಿನ ಕೆಲಸ ಮಾಡುತ್ತವೆ. ಆಮೇಲೆ ಹಂದಿ ಒಗ್ಗಿಕೊಳ್ಳುತ್ತದೆ. ಕೂದಲು ಮಳೆಗೆ ಕೊಚ್ಚಿಹೋಗುತ್ತದೆ. ಹಾಗಾಗಿ ಇವನ್ನು ಇಡೀ ಹಂಗಾಮಿಗೆ ನಂಬಬಾರದು. ತೆನೆ ಹಾಲುಗಟ್ಟುವ ಹೊತ್ತಿಗೆ ಶುರು ಮಾಡಿ, ಒಂದನ್ನು ಬಿಟ್ಟು ಒಂದರಂತೆ ಬದಲಾಯಿಸುತ್ತಾ, ಕೊಯ್ಲಿನವರೆಗೆ ತಳ್ಳುವುದು ಸರಿ.

ಸೌರಬೇಲಿ ಹೆಚ್ಚು ನಂಬಿಕೆಗೆ ಅರ್ಹ, ಸರಿಯಾಗಿ ಹಾಕಿದರೆ ಮಾತ್ರ. ಅದರ ಯಂತ್ರ ಬ್ಯಾಟರಿಯ ವಿದ್ಯುತ್ತನ್ನು ಹೆಚ್ಚು ವೋಲ್ಟೇಜಿನ, ಕ್ಷಣಮಾತ್ರದ ಮಿಡಿತಗಳಾಗಿ ಮಾಡಿ, ಸುಮಾರು ಸೆಕೆಂಡಿಗೊಂದರಂತೆ ತಂತಿಗೆ ಬಿಡುತ್ತದೆ. ಮಿಡಿತ ಅಷ್ಟು ಚಿಕ್ಕದಾಗಿರುವುದರಿಂದ ಪ್ರಾಣಿಗೆ ಚುರುಕು ಮುಟ್ಟುತ್ತದೆ, ಜೀವ ಹೋಗುವುದಿಲ್ಲ. ಹಂದಿಯ ಮೈಮೇಲೆ ಒರಟು ಕೂದಲು, ಕೆಳಗೆ ದಪ್ಪ ಚರ್ಮ. ಅದಕ್ಕೆ ಸರಿಯಾಗಿ ತಾಗುವುದು ಒದ್ದೆ ಮೂತಿಗೆ. ಆದ್ದರಿಂದ ಕೆಳಗಿನ ತಂತಿ ನೆಲದಿಂದ ಮುಕ್ಕಾಲು ಅಡಿಯೊಳಗೆ ಇರಲೇಬೇಕು. ಅದರ ಮೇಲೆ ಒಂದೂಕಾಲು ಅಡಿಗೆ ಇನ್ನೊಂದು, ಎರಡೂವರೆ ಅಡಿಗೆ ಮತ್ತೊಂದು. ಆನೆಗೆಂದು ಎತ್ತರದಲ್ಲಿ ಎಳೆದ ತಂತಿಯ ಕೆಳಗೆ ಹಂದಿ ನಿರಾಳವಾಗಿ ನುಸುಳಿ ಬರುತ್ತದೆ.

ಗುಡ್ಡದ ನೆಲದಲ್ಲಿ ಬೇಲಿ ಸೋಲುವುದು ತಗ್ಗುಗಳಲ್ಲಿ. ಎರಡು ಕಂಬಗಳ ನಡುವೆ ನೆಲ ಕುಸಿದಿದ್ದರೆ ತಂತಿ ಮೇಲೆ ಉಳಿಯುತ್ತದೆ, ಕೆಳಗೆ ಹಂದಿಗೆ ಬಾಗಿಲು ಸಿಗುತ್ತದೆ. ಅಂತಹ ಕಡೆ ನಡುವೆ ಇನ್ನೊಂದು ಗೂಟ ಹೊಡೆದು ತಂತಿಯನ್ನು ನೆಲಕ್ಕೆ ಸಮನಾಗಿ ಇಳಿಸಿ. ಕೊರಕಲು ದಾಟುವಲ್ಲಿ ಮಳೆನೀರು ಬೇಲಿಯನ್ನೇ ಎಳೆದೊಯ್ಯುತ್ತದೆ. ಅಲ್ಲಿ ಮುಖ್ಯ ತಂತಿಯನ್ನು ಮೇಲೆ ಒಯ್ದು, ಕೆಳಗೆ ಮುಳ್ಳುಕೊಂಬೆಗಳನ್ನು ತುಂಬಿ, ಪ್ರತಿ ಮಳೆಯ ನಂತರ ಹೊಸದಾಗಿ ತುಂಬಿ. ಭೂಸಂಪರ್ಕದ ಸರಳುಗಳು ಕಡಿಮೆಯೆಂದರೂ ಮೂರಿರಲಿ, ಐದಾರು ಅಡಿ ಆಳಕ್ಕೆ ಇಳಿದಿರಲಿ. ಬಂಡೆಯ ನೆಲದಲ್ಲಿ ಹಾಗೆ ಇಳಿಯದಿದ್ದರೆ ತೇವವಿರುವ ಹಳ್ಳದ ಬದಿಗೆ ಒಯ್ಯಿರಿ. ಬೇಸಿಗೆಯಲ್ಲಿ ಅಲ್ಲಿಗೆ ನೀರು ಹಾಕಿ. ಕೆಳತಂತಿಗೆ ಹುಲ್ಲು ತಾಗಿದರೆ ಶಕ್ತಿಯೆಲ್ಲ ನೆಲಕ್ಕೆ ಸೋರುತ್ತದೆ. ವಾರಕ್ಕೊಮ್ಮೆ ಹುಲ್ಲು ಕೊಯ್ದು, ಪರೀಕ್ಷಾ ಸಾಧನದಿಂದ ಬೇಲಿಯ ತುತ್ತತುದಿಯಲ್ಲಿ ವೋಲ್ಟೇಜ್ ನೋಡಬೇಕು. ಕಾಡಂಚಿನ ರೈತರಿಗೆ ಸೌರಬೇಲಿಗೆ ಸಹಾಯಧನ ಕೊಡುವ ಯೋಜನೆಗಳಿವೆ. ಆ ವರ್ಷದ ಅನುದಾನದ ಸ್ಥಿತಿಯನ್ನು ವಲಯ ಕಚೇರಿಯಲ್ಲಿ ಕೇಳಿ, ಆಮೇಲೆ ಸಾಮಾನು ಕೊಳ್ಳಿ.

ಪಕ್ಕದ ಹೊಲದವರೊಂದಿಗೆ ಮಾತನಾಡಿ. ನಿಮ್ಮೊಬ್ಬರ ಹೊಲಕ್ಕೆ ಬೇಲಿಯಾದರೆ ಹಂದಿ ಅವರ ಹೊಲಕ್ಕೆ ತಿರುಗುತ್ತದೆ. ನಾಲ್ಕೈದು ಹಿಡುವಳಿ ಸೇರಿ ಒಂದೇ ಸುತ್ತು ಬೇಲಿ ಹಾಕಿದರೆ ಖರ್ಚು ತಗ್ಗುತ್ತದೆ, ಕಾವಲೂ ಹಂಚಿಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಪಂಪ್‌ಸೆಟ್‌ನ ಲೈನಿನಿಂದಲೋ ಕಂಬದಿಂದಲೋ ತಂತಿ ಎಳೆದು ಬೇಲಿಗೆ ನೇರ ಕರೆಂಟ್ ಕೊಡಬೇಡಿ. ಕೊಟ್ಟವರನ್ನು ಕಂಡರೆ ಸುಮ್ಮನಿರಬೇಡಿ. ಕತ್ತಲಲ್ಲಿ ಆ ತಂತಿಗೆ ತಾಗುವುದು ಹಂದಿಯೇ ಆಗಬೇಕಿಲ್ಲ. ನೀರು ಬಿಡಲು ಬಂದ ಮಗ, ಹಸು ಹುಡುಕಿಕೊಂಡು ಬಂದ ಪಕ್ಕದ ಮನೆಯಾಕೆ, ದಾರಿ ತಪ್ಪಿದ ಆನೆ, ಯಾರು ಬೇಕಾದರೂ ಆಗಬಹುದು. ಮನುಷ್ಯರು ಸತ್ತರೆ ಸಾವಿಗೆ ಕಾರಣರಾದ ಮೊಕದ್ದಮೆ ನಿಮ್ಮ ಮೇಲೆ ಬೀಳುತ್ತದೆ. ಉರುಳಿನ ಕಥೆಯೂ ಇದೇ. ಹಂದಿಗೆಂದು ಬೈಕಿನ ಕೇಬಲ್‌ನಿಂದ ಹಾಕಿದ ಉರುಳಿಗೆ ಚಿರತೆ, ಹುಲಿ ಸಿಕ್ಕಿ ನರಳಿ ಸತ್ತಿವೆ. ಸಿಡಿಮದ್ದು ತುಂಬಿದ ಉಂಡೆಯನ್ನು ಕಚ್ಚಿದ ಹಸುವಿನ ದವಡೆ ಛಿದ್ರವಾಗುತ್ತದೆ. ನಿಮ್ಮ ಹೊಲದ ಅಂಚಿನಲ್ಲಿ ಯಾರೋ ಹಾಕಿದ ಉರುಳು ಕಂಡರೆ ಮುಟ್ಟದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಅಪಾಯಕಾರಿ ವಿದ್ಯುತ್ ತಂತಿ ಕಂಡರೆ 1912ಕ್ಕೆ ಹೇಳಿ.

ಹೆಜ್ಜೆ 5: ರಾತ್ರಿ ಕಾವಲು

ಕಾವಲು ಬೇಕಾಗುವುದು ತೆನೆ ಹಾಲುಗಟ್ಟಿದಂದಿನಿಂದ ಕೊಯ್ಲಿನವರೆಗೆ. ಆ ದಿನಗಳನ್ನು ಬಿತ್ತುವಾಗಲೇ ಲೆಕ್ಕ ಹಾಕಿ, ಪಾಳಿ ಹಂಚಿಕೊಳ್ಳಿ. ಅಕ್ಕಪಕ್ಕದ ಹೊಲದವರು ಒಂದೇ ಹೊತ್ತಿಗೆ ಬಿತ್ತಿದರೆ ಕಾವಲಿನ ದಿನಗಳೂ ಕಡಿಮೆಯಾಗುತ್ತವೆ.

ಮೊದಲು ಆನೆಯ ಸುದ್ದಿ ಕೇಳಿ. ಕೋಟೆ, ಹುಣಸೂರು, ಮುತ್ತತ್ತಿ ಸುತ್ತಮುತ್ತ ಆ ಸಂಜೆ ಆನೆ ಓಡಾಟವಿದೆ ಎಂದು ತಿಳಿದರೆ ಹೊಲದಲ್ಲಿ ಮಲಗಬೇಡಿ. ಮರದ ಅಟ್ಟಣೆ ಹಂದಿಗೆ ಸಾಕು, ಆನೆಗೆ ಸಾಲದು. ಬೆಳೆ ಹೋದರೆ ಪರಿಹಾರ ಕೇಳಬಹುದು.

ಅಟ್ಟಣೆ ಕಟ್ಟುವುದಾದರೆ ಹಂದಿಯ ಜಾಡಿಗೆ ಅಡ್ಡವಾಗಿ ಕಟ್ಟಬೇಡಿ, ಪಕ್ಕಕ್ಕೆ ಕಟ್ಟಿ. ಗಾಳಿ ನಿಮ್ಮಿಂದ ಪೊದೆಯ ಕಡೆಗೆ ಬೀಸುವಂತಿರಲಿ. ನಮ್ಮ ಕಡೆ ಮುಂಗಾರಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಹಿಂಗಾರಿನಲ್ಲಿ ಪೂರ್ವದಿಂದ ಬೀಸುತ್ತದೆ. ಆದರೆ ಗುಡ್ಡದ ಮಗ್ಗುಲಲ್ಲಿ ರಾತ್ರಿ ತಂಪಾದ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಇಳಿಯುತ್ತದೆ. ಒಂದು ಚಿಟಿಕೆ ಬೂದಿ ಹಾರಿಸಿ ನೋಡಿ. ಹಂದಿಯ ಕಣ್ಣು ಮಂದ, ಮೂಗು ಬಲು ಚುರುಕು. ಮನುಷ್ಯರ ವಾಸನೆ ಮೂಗಿಗೆ ಬಡಿದರೆ ಪೊದೆಯಲ್ಲೇ ನಿಂತು ಯೋಚಿಸುತ್ತದೆ.

ಕನಿಷ್ಠ ಇಬ್ಬರು ಇರಬೇಕು. ಇಬ್ಬರಿಗೂ ಒಂದೊಂದು ಟಾರ್ಚ್, ಬೂಟು, ಉದ್ದನೆಯ ಕೋಲು, ತಮಟೆ ಅಥವಾ ತಗಡು, ಕುಡಿಯುವ ನೀರು, ಚಾರ್ಜ್ ಆಗಿರುವ ಮೊಬೈಲ್ ಇರಲಿ. ಕುಡಿದವರನ್ನು ಕಾವಲಿಗೆ ಕರೆಯಬೇಡಿ. ಸದ್ದು ಒಂದೇ ತರಹದ್ದಾದರೆ ಹಂದಿ ಅದನ್ನೂ ಲೆಕ್ಕಿಸುವುದಿಲ್ಲ. ಒಮ್ಮೆ ತಮಟೆ, ಒಮ್ಮೆ ಕೂಗು, ಒಮ್ಮೆ ಬೆಳಕು ಎಂದು ಬದಲಾಯಿಸಿ. ಹಂದಿ ಹೊಲ ಬಿಟ್ಟು ಹೊರಟ ಮೇಲೆ ಹಿಂಬಾಲಿಸಬೇಡಿ. ಗಡಿ ದಾಟಿ ಅಟ್ಟಿದರೆ ಅದು ಕಾವಲಲ್ಲ, ಬೇಟೆ.

ಒಂಟಿ ಗಂಡು ಹಂದಿ, ಮರಿಗಳೊಂದಿಗಿರುವ ಹೆಣ್ಣು ಹಂದಿ, ಗಾಯಗೊಂಡ ಹಂದಿ, ಈ ಮೂರೂ ಬಹಳ ಅಪಾಯ. ಬಂದ ದಾರಿಯನ್ನು ಕಟ್ಟಿದರೆ ಅದು ನಿಮ್ಮ ಮೇಲೆಯೇ ನುಗ್ಗುತ್ತದೆ. ಗಂಡಿನ ಕೋರೆ ಮನುಷ್ಯರ ತೊಡೆಯನ್ನು ಸೀಳಬಲ್ಲದು. ನುಗ್ಗಿ ಬಂದರೆ ಮರ, ಬಂಡೆ, ಅಟ್ಟಣೆ, ಕೈಗೆ ಸಿಕ್ಕ ಎತ್ತರ ಹತ್ತಿ. ಅದಕ್ಕಾಗಿಯೇ ಹಗಲಿನಲ್ಲಿ ನೋಡಿಟ್ಟ ದಾರಿ ನೆನಪಿರಬೇಕು.

ಹೆಜ್ಜೆ 6: ಗಾಯವಾದರೆ

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿದು 108ಕ್ಕೆ ಕರೆ ಮಾಡಿ. ರಕ್ತ ನಿಂತ ಮೇಲೆ, ಕಚ್ಚಿದ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆಯಬೇಕು. ರೇಬಿಸ್ ಮತ್ತು ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಅದೇ ದಿನ ವೈದ್ಯರನ್ನು ಕೇಳಿ. ರಾತ್ರಿ ಕಾವಲಿನವರಿಗೆ ಹಂದಿಗಿಂತ ಹಾವಿನ ಭಯವೇ ಹೆಚ್ಚು ಇರಬೇಕು. ಕೊಳಕುಮಂಡಲ, ಕಟ್ಟುಹಾವು ಎರಡೂ ಇಲ್ಲಿವೆ. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ನಾಟಿ ಮದ್ದಿಗೆ ಹೊತ್ತು ಕಳೆಯಬೇಡಿ. ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಸತ್ತ ಹಂದಿ ಕಂಡರೆ ಮುಟ್ಟಬೇಡಿ. ಆಫ್ರಿಕನ್ ಹಂದಿಜ್ವರ 2020ರಲ್ಲಿ ದೇಶಕ್ಕೆ ಕಾಲಿಟ್ಟಿದೆ. ಮನುಷ್ಯರಿಗೆ ತಗುಲುವುದಿಲ್ಲ, ಆದರೆ ನಿಮ್ಮ ಚಪ್ಪಲಿಯ ಕೆಸರಿನಿಂದ ಊರಿನ ಸಾಕುಹಂದಿಗಳಿಗೆ ಹರಡಬಹುದು.

ಹೆಜ್ಜೆ 7: ಪರಿಹಾರದ ಅರ್ಜಿ

ಹಾನಿಯಾದ ಬೆಳಿಗ್ಗೆ ಮೊದಲು ಮಾಡಬೇಕಾದದ್ದು ಚಿತ್ರ ತೆಗೆಯುವುದು. ಬಿದ್ದ ಬೆಳೆ, ಅಗಿದ ತೆನೆ, ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇಟ್ಟು ಹೆಜ್ಜೆಗುರುತು, ಹೊಲದ ಗುರುತು ಸಿಗುವಂತೆ ದೂರದಿಂದ ಒಂದು. ಮೊಬೈಲಿನಲ್ಲಿ ಸ್ಥಳದ ಮಾಹಿತಿ ಚಾಲೂ ಇರಲಿ. ಅದೇ ದಿನ ವಲಯ ಕಚೇರಿಗೆ ತಿಳಿಸಿ. ಸಿಬ್ಬಂದಿ ಬಂದು ನೋಡುವ ತನಕ ಆ ಮೂಲೆಯನ್ನು ಹಾಗೆಯೇ ಬಿಡಿ. ಉಳುಮೆ ಮಾಡಿಬಿಟ್ಟರೆ ಅಳೆಯಲು ಏನೂ ಉಳಿಯುವುದಿಲ್ಲ.

ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳು ಸಿದ್ಧವಿರಲಿ. ಅರಣ್ಯ ಇಲಾಖೆ ಇ-ಪರಿಹಾರ ವ್ಯವಸ್ಥೆಯ ಮೂಲಕ ಅರ್ಜಿಗಳನ್ನು ನಡೆಸುತ್ತದೆ. ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಹಣಿಯ ಬೆಳೆ ಕಾಲಂನಲ್ಲಿ ನೀವು ನಿಜವಾಗಿ ಬೆಳೆದದ್ದೇ ನಮೂದಾಗಿದೆಯೇ ಎಂದು ಬಿತ್ತನೆಯಾದ ಕೂಡಲೇ ನೋಡಿ. ಅಲ್ಲಿ ರಾಗಿ ಎಂದಿದ್ದು ಹೊಲದಲ್ಲಿ ಜೋಳ ಬಿದ್ದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಕೊಂಡ ಜಮೀನಿನ ಖಾತೆ ಇನ್ನೂ ಹಿಂದಿನವರ ಹೆಸರಿನಲ್ಲಿದ್ದರೆ ಹಣವನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಾಕಲು ಆಗುವುದಿಲ್ಲ. ಅದನ್ನು ಬಿತ್ತನೆಗೆ ಮೊದಲೇ ಸರಿಪಡಿಸಿಕೊಳ್ಳಿ.

ಪ್ರತಿ ಹಾನಿಯ ದಿನಾಂಕ, ಹಂದಿ ಬಂದ ಬಾಗಿಲು, ಬಿದ್ದ ಬೆಳೆಯ ಅಂದಾಜು, ಇವನ್ನು ನಕ್ಷೆ ಬರೆದ ಪುಸ್ತಕದಲ್ಲೇ ಬರೆಯುತ್ತಾ ಹೋಗಿ. 11ನೇ ಸೆಕ್ಷನ್ ಅಡಿ ಅನುಮತಿ ಕೇಳುವ ಸಂದರ್ಭ ಬಂದರೆ ಅಧಿಕಾರಿಯ ಮುಂದೆ ಇಡಬೇಕಾದದ್ದು ಇದೇ ಪುಸ್ತಕ. ಮುಂದಿನ ಹಂಗಾಮಿಗೆ ಬೇಲಿಯ ಯಾವ ಗೂಟವನ್ನು ಎಲ್ಲಿಗೆ ಸರಿಸಬೇಕು ಎಂಬುದೂ ಇದರಿಂದಲೇ ತಿಳಿಯುತ್ತದೆ.